ವಾಟ್ಸನ್ ಸಾಹೇಬನ ಕಬ್ಬಿಣದ ಹೋಟೆಲು

ಚಳ್ಳಕೆರೆಗೆ ‘ಎರಡನೆಯ ಮುಂಬಯಿ’ ಎಂಬ ಅಡ್ಡಹೆಸರುಂಟು. ಎಣ್ಣೆಯ ಗಿರಣಿಗಳು ಸಾಲುಸಾಲಾಗಿ ತಲೆಯೆತ್ತಿ, ಖಾದ್ಯತೈಲದ ವ್ಯಾಪಾರದಲ್ಲಿ ಮುಂಬಯಿಯನ್ನು ಬಿಟ್ಟರೆ ತಾನೇ ಎಂದು ಊರು ಬೀಗುತ್ತಿದ್ದ ಕಾಲದಲ್ಲಿ ಬಂದ ಹೆಸರು ಅದು. ಆ ತಾಲ್ಲೂಕಿನಲ್ಲಿಯೇ, ನಾಯಕನಹಟ್ಟಿಯ ಆಸುಪಾಸಿನಲ್ಲಿ, ಕುದಾಪುರವೆಂಬ ಗ್ರಾಮವಿದೆ. ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನ ಬಯಲು ಅದು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕವು ಮುಗಿಯುತ್ತಿದ್ದಾಗ ಅಲ್ಲಿಯ ೧,೫೦೦ ಎಕರೆ ಭೂಮಿಯು ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತು, ಬೆಂಗಳೂರಿನ ಆ ಪ್ರಸಿದ್ಧ ವಿದ್ಯಾಕೇಂದ್ರದ ಎರಡನೆಯ ಆವರಣವು ಕುದಾಪುರದಲ್ಲಿ ತಲೆಯೆತ್ತಿತು. ಬೆಂಗಳೂರಿನ ಹಳೆಯ ಜನ ಆ ಸಂಸ್ಥೆಯನ್ನು ಅದರ ಪೂರ್ಣನಾಮದಿಂದ ಕರೆಯುವುದಿಲ್ಲ. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಎರಡನೆಯ ಮುಂಬಯಿಯ ಮಗ್ಗುಲಿಗೆ ಮೊದಲನೆಯ ಮುಂಬಯಿಯ ವರ್ತಕರೊಬ್ಬರ ಕನಸು ಬಂದು ನಿಂತಿತೆಂದರೂ ತಪ್ಪಾಗಲಾರದು.

ಆ ವರ್ತಕರು ಜಮ್‌ಷೇಟ್‌ಜಿ ಟಾಟಾ. ಅವರ ಹೆಸರಿನೊಡನೆ ಬೆರೆತು ಒಂದು ಕಥೆಯು ಊರೂರು ಸುತ್ತುತ್ತಿದೆ. ಒಮ್ಮೆ ಅವರು ವಿದೇಶೀಯ ಮಿತ್ರರೊಬ್ಬರ ಸಂಗಡ ಮುಂಬಯಿಯ ಅತ್ಯಂತ ಪ್ರತಿಷ್ಠಿತ ಹೋಟೆಲಿಗೆ ಹೋದರಂತೆ. ಮಿತ್ರರಿಗೆ ಬಾಗಿಲು ತೆರೆಯಿತು. ಟಾಟಾರವರಿಗೆ ಮಾತ್ರ, ‘ಇಲ್ಲಿ ಐರೋಪ್ಯರಿಗಷ್ಟೇ ಪ್ರವೇಶ’ ಎಂಬ ಉತ್ತರ ಸಿಕ್ಕಿತು. ಆ ಅವಮಾನವನ್ನು ನುಂಗಿಕೊಂಡು ಹಿಂದಿರುಗಿದ ಟಾಟಾರವರು, ಅದಕ್ಕಿಂತ ಹತ್ತುಪಾಲು ಭವ್ಯವಾದ ಹೋಟೆಲನ್ನು ಕಟ್ಟಿಸುವ ಛಲ ತೊಟ್ಟರು. ಅದರ ಫಲವೇ ಸಮುದ್ರತೀರದ ತಾಜಮಹಲ್ ಹೋಟೆಲು ಎನ್ನುತ್ತದೆ ಆ ಕಥೆ.

ಕಥೆ ಸೊಗಸಾಗಿದೆ. ಆದರೆ ಇತಿಹಾಸಕಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಮುಂಬಯಿಗೆ ತಕ್ಕುದಾದ ಹೋಟೆಲೊಂದು ಇಲ್ಲವೆಂಬ ಕೊರಗು ನಗರದಲ್ಲಿಯೇ ಇತ್ತು. ಟಾಟಾರವರು ಮುನಿಸಿಗೆ ಹಣ ಸುರಿಯುವ ಸ್ವಭಾವದವರೂ ಅಲ್ಲ ಎಂಬುದು ಅವರ ವಾದ. ಅದೇನೇ ಇರಲಿ, ಕಥೆ ಸುಳ್ಳಾದರೂ ಕಥೆಯೊಳಗಿನ ಬಾಗಿಲು ಸುಳ್ಳಲ್ಲ. ಆ ಹೋಟೆಲು ಇದ್ದುದು ನಿಜ. ಅಲ್ಲಿ ಭಾರತೀಯರು ಅತಿಥಿಗಳಾಗಿ ಕಾಲಿಡುವಂತಿರಲಿಲ್ಲ ಎಂಬುದೂ ನಿಜ. ಅದರ ಹೆಸರು ವಾಟ್ಸನ್ಸ್ ಎಸ್ಪ್ಲನೇಡ್ ಹೋಟೆಲು. ತಾಜಮಹಲ್ ಹೋಟೆಲನ್ನು ಕುರಿತು ಬರೆದವರು ನೂರು ಮಂದಿ. ಬಾಗಿಲು ಹಾಕಿದ ಹೋಟೆಲಿಗೆ ಮುಂದೇನಾಯಿತೆಂದು ವಿಚಾರಿಸಿದವರು ಕಡಿಮೆ. ಆ ಕಥೆಯೇ ಇಲ್ಲಿಯ ವಿಷಯ.

ಹಡಗೇರಿ ಬಂದ ಕಟ್ಟಡ

ನಮ್ಮ ಕಡೆ ‘ಹೋಟೆಲು’ ಎಂದರೆ ಇಡ್ಲಿ, ದೋಸೆ, ಕಾಫಿಯ ಸ್ಥಳ. ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬ ಭಟ್ಟರು, ಗೋಡೆಯ ಮೇಲೆ ಒಂದು ದೇವರ ಪಟ, ಊದುಬತ್ತಿಯ ವಾಸನೆ. ಉಂಡು ಕೈತೊಳೆದು ಹೊರಟರೆ ಮುಗಿಯಿತು. ತಂಗಬೇಕಾದವನು ಹೋಗುತ್ತಿದ್ದುದು ಛತ್ರಕ್ಕೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರವು ತೆರೆದುದು ೧೯೦೩ರಲ್ಲಿ. ಪ್ರವಾಸಿಗಳಿಗೆ ತಂಗುವ ಕೋಣೆ, ಊಟದ ಹಜಾರ, ನೃತ್ಯದ ಅಂಗಳ, ಮದ್ಯದ ಅಂಗಡಿ ಇವೆಲ್ಲವನ್ನೂ ಒಂದೇ ಸೂರಿನಡಿ ಕೂಡಿಸಿ ದಿನಕ್ಕಿಷ್ಟೆಂದು ಬೆಲೆ ಕಟ್ಟುವ ಪದ್ಧತಿ ಪಶ್ಚಿಮದಿಂದ ಬಂದದ್ದು. ಮುಂಬಯಿಗೆ ಅದನ್ನು ಅದ್ದೂರಿಯಾಗಿ ತಂದವರಲ್ಲಿ ಜಾನ್ ಹಡ್ಸನ್ ವಾಟ್ಸನ್ ಮುಖ್ಯನು.

ವಾಟ್ಸನ್ ಹೋಟೆಲಿನ ವೃತ್ತಿಯವನಲ್ಲ, ಜವಳಿಯ ವರ್ತಕ. ಐರೋಪ್ಯರಿಗೆ ಬಟ್ಟೆಬರೆ ಮಾರಿ ಹಣ ಮಾಡಿದವನು. ಅವನ ಕಾಲದ ಮುಂಬಯಿಯೂ ಅಂತಹುದೇ. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವಾರಂಭವಾಗಿ ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ತಲುಪದಂತಾದಾಗ, ಲ್ಯಾಂಕಷೈರಿನ ಗಿರಣಿಗಳ ಕಣ್ಣು ಭಾರತದ ಹತ್ತಿಯ ಮೇಲೆ ಬಿದ್ದಿತು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಆ ಹೊಳೆಯಲ್ಲಿ ಸೇರಿ ಸಮುದ್ರ ದಾಟಿತು. ಮುಂಬಯಿಯಲ್ಲಿ ಹಣದ ಸುರಿಮಳೆ. ಅದೇ ಸಮಯದಲ್ಲಿ ಗವರ್ನರ್ ಆಗಿದ್ದ ಸರ್ ಬಾರ್ಟಲ್ ಫ್ರಿಯರನು ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿ, ತೆರವಾದ ನೆಲವನ್ನು ನಿವೇಶನಗಳನ್ನಾಗಿ ವಿಂಗಡಿಸಿದನು. ೧೮೬೫ರಲ್ಲಿ ಅಮೆರಿಕದ ಯುದ್ಧ ನಿಂತು ಹತ್ತಿಯ ಬೆಲೆ ಪಾತಾಳಕ್ಕಿಳಿಯಿತು. ಎಷ್ಟೋ ಮಂದಿ ಸಾಹುಕಾರರು ಒಂದೇ ರಾತ್ರಿಯಲ್ಲಿ ದಿವಾಳಿಯೆದ್ದರು. ಆ ಬಿರುಗಾಳಿಯಲ್ಲಿಯೂ ವಾಟ್ಸನ್ ತಲೆಯೆತ್ತಿಕೊಂಡೇ ಇದ್ದ. ಎಸ್ಪ್ಲನೇಡ್ ರಸ್ತೆಯ ಆ ನಿವೇಶನಕ್ಕೆ ೧೮೬೭ರ ಆಗಸ್ಟ್ ೨೬ರಂದು ಗುತ್ತಿಗೆ ಪತ್ರವಾಯಿತು. ಅವಧಿ ೯೯೯ ವರ್ಷ. ವರ್ಷಕ್ಕೆ ಬಾಡಿಗೆ ೯೨ ರೂಪಾಯಿ ೧೨ ಆಣೆ. ಹೆಚ್ಚೂಕಡಿಮೆ ಕ್ರಿ.ಶ. ೨೮೬೬ರವರೆಗೆ! ಸೂರ್ಯಚಂದ್ರರಿರುವವರೆಗೆ ಎಂದು ನಮ್ಮ ಶಾಸನಗಳು ಹೇಳುವುದನ್ನು ಇಂಗ್ಲಿಷ್ ವಕೀಲರು ಅಂಕಿಯಲ್ಲಿ ಬರೆದರೆಂದು ತೋರುತ್ತದೆ.

ಕಟ್ಟಡದ ನಕ್ಷೆಯನ್ನು ಹಾಕಿದವನು ರೋಲೆಂಡ್ ಮೇಸನ್ ಆರ್ಡಿಷ್ ಎಂಬ ಇಂಜಿನಿಯರು. ೧೮೫೧ರಲ್ಲಿ ಲಂಡನ್ನಿನಲ್ಲಿ ಕಬ್ಬಿಣ ಮತ್ತು ಗಾಜಿನಿಂದಲೇ ಎದ್ದು ನಿಂತ ಸ್ಫಟಿಕ ಮಹಲಿನಲ್ಲಿ ಕೆಲಸ ಮಾಡಿದ ಕೈ ಅವನದು. ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಮಹಾಛಾವಣಿಯಲ್ಲಿಯೂ ಅವನ ಪಾಲಿದೆ. ಅವನು ಎಂದಾದರೂ ಮುಂಬಯಿಯ ಮಳೆಯಲ್ಲಿ ನೆನೆದನೋ ಇಲ್ಲವೋ, ಅವನ ಕಟ್ಟಡ ಮಾತ್ರ ಹಡಗೇರಿ ಬಂದು ನೆನೆಯಿತು. ಕಂಬಗಳು, ತೊಲೆಗಳು, ಮೊಗಸಾಲೆಯ ಕಟಕಟೆಗಳು ಎಲ್ಲವನ್ನೂ ಇಂಗ್ಲೆಂಡಿನ ಎರಕದ ಕಾರ್ಖಾನೆಯಲ್ಲಿ ಎರೆದು, ಬಿಡಿಬಿಡಿಯಾಗಿ ಹಡಗಿಗೆ ಹೇರಿ, ಮುಂಬಯಿಯಲ್ಲಿಳಿಸಿ ಜೋಡಿಸಲಾಯಿತು. ಇಟ್ಟಿಗೆ ಮತ್ತು ನೆಲಕ್ಕೆ ಹಾಸುವ ಬಿಲ್ಲೆಗಳನ್ನೂ ಅಲ್ಲಿಂದಲೇ ತರಿಸಿದರು. ಇಟ್ಟಿಗೆಗೂ ಇಂಗ್ಲೆಂಡಿಗೆ ಹೋಗಬೇಕೇ ಎಂದು ನಾವು ನಗಬಹುದು. ಸಾಹೇಬನಿಗೆ ಬೇಕಾದುದು ಕಟ್ಟಡವಷ್ಟೇ ಅಲ್ಲ, ಇಂಗ್ಲೆಂಡಿನ ಒಂದು ತುಂಡು.

ಈ ಜೋಡಣೆಯಲ್ಲಿ ಒಂದು ಮರ್ಮವಿದೆ. ಮುಂದಿನ ಕಥೆಗೆ ಅದು ಅಗತ್ಯ. ನಮ್ಮ ಹಳೆಯ ಮನೆಗಳಲ್ಲಿ ಭಾರವನ್ನು ಹೊರುವುದು ಗೋಡೆ. ಗೋಡೆ ಒಡೆದರೆ ಮಾಳಿಗೆ ಕುಸಿಯುತ್ತದೆ. ವಾಟ್ಸನ್ ಹೋಟೆಲಿನಲ್ಲಿ ಭಾರವೆಲ್ಲ ಎರಕದ ಕಂಬಗಳ ಮೇಲೆ. ಗೋಡೆಗಳು ಕಂಬಗಳ ನಡುವೆ ತುಂಬಿದ ಮರೆಗಳು ಮಾತ್ರ. ಹದಿನೆಂಟು ವರುಷಗಳ ತರುವಾಯ ಅಮೆರಿಕದ ಷಿಕಾಗೋ ನಗರದಲ್ಲಿ ಲೋಹದ ಚೌಕಟ್ಟಿನ ಗಗನಚುಂಬಿ ಕಟ್ಟಡಗಳ ಯುಗವನ್ನು ಆರಂಭಿಸಿದ ತತ್ತ್ವವೂ ಇದರ ಹತ್ತಿರದ ನಂಟನೇ. ೧೮೬೭ರಲ್ಲಿ ಆರಂಭವಾದ ಕೆಲಸ ೧೮೭೧ರ ವೇಳೆಗೆ ಮುಗಿದು ಹೋಟೆಲು ತೆರೆದಾಗ, ಕಲ್ಲಿನ ಕಟ್ಟಡಗಳನ್ನೇ ನೋಡಿ ರೂಢಿಯಾಗಿದ್ದ ಜನಕ್ಕೆ ಅದು ನೆಲದಿಂದೆದ್ದ ದೊಡ್ಡದೊಂದು ಹಕ್ಕಿಯ ಪಂಜರದಂತೆ ಕಂಡಿತು. ಐದು ಅಂತಸ್ತು, ೧೩೦ ಕೊಠಡಿ, ಪ್ರತಿ ಅಂತಸ್ತಿಗೂ ಸುತ್ತುವರಿದ ಅಗಲವಾದ ಮೊಗಸಾಲೆ, ನಡುವೆ ಗಾಜಿನ ಛಾವಣಿಯ, ನೂರಡಿ ಉದ್ದ ಮೂವತ್ತಡಿ ಅಗಲದ ಅಂಗಳ. ಅಲ್ಲಿ ನೃತ್ಯ ನಡೆಯುತ್ತಿತ್ತು. ಬಡಿಸುವುದಕ್ಕೂ ಆಂಗ್ಲ ತರುಣಿಯರನ್ನು ಇಂಗ್ಲೆಂಡಿನಿಂದ ಕರೆಸಿದ್ದರು. ವಾಟ್ಸನ್ ಇಷ್ಟೆಲ್ಲವನ್ನೂ ತರಿಸಿದವನು ಅಲ್ಲಿಯ ಹವೆಯನ್ನೂ ತರಿಸಿದ್ದರೆ ಚೆನ್ನಾಗಿತ್ತೆಂದು ಅತಿಥಿಗಳು ಬೆವರೊರಸಿಕೊಂಡು ಹಾಸ್ಯ ಮಾಡುತ್ತಿದ್ದರಂತೆ.

೧೮೬೯ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದುದು ಹೋಟೆಲಿನ ಪಾಲಿಗೆ ಭಾಗ್ಯದ ಬಾಗಿಲು ತೆರೆದಂತಾಯಿತು. ಆಫ್ರಿಕಾವನ್ನು ಬಳಸಿ ತಿಂಗಳುಗಟ್ಟಲೆ ಬರುತ್ತಿದ್ದ ಪ್ರಯಾಣಿಕರು ವಾರಗಳಲ್ಲಿ ಮುಂಬಯಿಗೆ ಬಂದಿಳಿಯತೊಡಗಿದರು.

ಒಂದೇ ವರುಷ, ಎರಡು ನೋಟ

ಹೋಟೆಲಿನ ಇತಿಹಾಸದಲ್ಲಿ ೧೮೯೬ನೆಯ ಇಸವಿಯದು ವಿಶೇಷ. ಆ ವರುಷದ ಜನವರಿಯಲ್ಲಿ ಅಮೆರಿಕದ ಪ್ರಖ್ಯಾತ ವಿನೋದ ಲೇಖಕ ಮಾರ್ಕ್ ಟ್ವೇನ್ ಅಲ್ಲಿ ಬಂದಿಳಿದನು. ಸಾಲದ ಹೊರೆಯನ್ನು ತೀರಿಸುವುದಕ್ಕಾಗಿ ಭೂಮಂಡಲವನ್ನು ಸುತ್ತಿ ಉಪನ್ಯಾಸ ಮಾಡುತ್ತಿದ್ದ ದಿನಗಳು ಅವು. ಮುಂಬಯಿಯ ಕಾಗೆಗಳು ಅವನ ಮನಸ್ಸನ್ನು ಸೆಳೆದವು. ಮೊಗಸಾಲೆಯ ಕಟಕಟೆಯ ಮೇಲೆ ಸಾಲಾಗಿ ಕುಳಿತು, ಒಳಗಿರುವ ಮನುಷ್ಯನ ವೇಷಭೂಷಣ, ನಡತೆ, ವೃತ್ತಿ ಎಲ್ಲವನ್ನೂ ಚರ್ಚಿಸುವ ಆ ಪಕ್ಷಿಗಳನ್ನು ಕುರಿತು ಅವನು ೧೮೯೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ನಗೆಯುಕ್ಕಿಸುವಂತೆ ಬರೆದಿದ್ದಾನೆ. ಹೋಟೆಲಿನ ಹೆಸರೆತ್ತಿದವರೆಲ್ಲ ಈ ಕಾಗೆಗಳನ್ನು ನೆನೆಯುತ್ತಾರೆ.

ಅದೇ ಗ್ರಂಥದಲ್ಲಿ, ಅದೇ ಹೋಟೆಲಿಗೆ ಸಂಬಂಧಿಸಿ, ಇನ್ನೊಂದು ಪ್ರಸಂಗವಿದೆ. ಅದನ್ನು ನೆನೆಯುವವರು ಕಡಿಮೆ. ಟ್ವೇನನ ಕೊಠಡಿಯನ್ನು ಸರಿಪಡಿಸುವುದಕ್ಕೆ ದಪ್ಪಮೈಯ ಜರ್ಮನನೊಬ್ಬನು ಕೆಲವು ಮಂದಿ ಭಾರತೀಯ ಆಳುಗಳೊಡನೆ ಬಂದನು. ಮೊಗಸಾಲೆಗೆ ತೆರೆಯುವ ಬಾಗಿಲಿನಲ್ಲೇನೋ ಕೆಲಸವಿತ್ತು. ಆಳೊಬ್ಬನು ಮಂಡಿಯೂರಿ ಅದನ್ನು ಮಾಡತೊಡಗಿದನು. ಜರ್ಮನನಿಗೆ ಅದು ಹಿಡಿಸಲಿಲ್ಲ. ತಪ್ಪೇನೆಂದು ಹೇಳುವ ಮೊದಲೇ ಆಳಿನ ಕೆನ್ನೆಗೆ ಬಾರಿಸಿ, ಅನಂತರ ತಪ್ಪನ್ನು ತೋರಿಸಿಕೊಟ್ಟನು. ಏಟು ತಿಂದವನು ಒಂದು ಮಾತೂ ಆಡಲಿಲ್ಲ. ಮುಖದಲ್ಲಿ ಸಿಟ್ಟೂ ಕಾಣಲಿಲ್ಲ. ಐವತ್ತು ವರುಷಗಳಿಂದ ತಾನು ಇಂತಹುದನ್ನು ಕಂಡಿರಲಿಲ್ಲವೆಂದು ಟ್ವೇನ್ ಬರೆಯುತ್ತಾನೆ. ಗುಲಾಮಗಿರಿಯಿದ್ದ ಮಿಸೌರಿಯ ತನ್ನ ಬಾಲ್ಯಕ್ಕೆ ಆ ಒಂದು ಏಟು ಅವನನ್ನು ಕ್ಷಣಾರ್ಧದಲ್ಲಿ ಒಯ್ದುಬಿಟ್ಟಿತು. ಅಲ್ಲಿಯೂ ತಪ್ಪನ್ನು ತಿಳಿಸುವ ಸಹಜ ಭಾಷೆಯೆಂದರೆ ಹೊಡೆತವೇ ಆಗಿತ್ತೆಂಬುದು ಅವನಿಗೆ ನೆನಪಾಯಿತು.

ಐರೋಪ್ಯರಿಗಷ್ಟೇ ಪ್ರವೇಶವೆಂದರೆ ಭಾರತೀಯರು ಒಳಗಿರಲಿಲ್ಲವೆಂದು ಅರ್ಥವಲ್ಲ. ಒಳಗೆ ಬೇಕಾದಷ್ಟು ಮಂದಿ ಇದ್ದರು. ಹೊರೆ ಹೊರುವವರು, ನೆಲ ಒರಸುವವರು, ಬಾಗಿಲಿನ ಬಳಿ ಮಂಡಿಯೂರುವವರು. ಟಾಟಾರವರ ಕಥೆಯಲ್ಲಿ ಬಾಗಿಲಿನಿಂದ ಹಿಂದಿರುಗಿದವರು ಒಬ್ಬ ಶ್ರೀಮಂತರು. ಟ್ವೇನನ ಬರಹದಲ್ಲಿ ಕಾಣುವವನು ಹೆಸರಿಲ್ಲದ ಒಬ್ಬ ಆಳು. ಹೋಟೆಲಿನ ಚರಿತ್ರೆಯನ್ನು ಅರಿಯಬೇಕಾದರೆ ಈ ಇಬ್ಬರಲ್ಲಿ ಎರಡನೆಯವನನ್ನೇ ಹೆಚ್ಚಾಗಿ ನೆನೆಯಬೇಕೆಂದು ನನಗೆ ತೋರುತ್ತದೆ.

ಆರು ತಿಂಗಳ ಬಳಿಕ, ೧೮೯೬ರ ಜುಲೈ ೭ರಂದು, ಅದೇ ಹೋಟೆಲಿನಲ್ಲಿ ಕತ್ತಲೆ ಕವಿಸಿದ ಕೋಣೆಯೊಂದರ ಬಿಳಿಯ ಪರದೆಯ ಮೇಲೆ ಚಿತ್ರಗಳು ಅಲುಗಾಡಿದವು. ಫ್ರಾನ್ಸಿನ ಲೂಮಿಯೇರ್ ಸೋದರರ ‘ಸಿನೆಮಾಟೊಗ್ರಾಫ್’ ಯಂತ್ರವನ್ನು ಹೊತ್ತು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಮಾರಿಯಸ್ ಸೆಸ್ತಿಯೇ ಎಂಬಾತನು ದಾರಿಯಲ್ಲಿ ಮುಂಬಯಿಯಲ್ಲಿಳಿದು ನಡೆಸಿದ ಪ್ರದರ್ಶನವದು. ಟಿಕೆಟ್ಟು ಒಂದು ರೂಪಾಯಿ, ಚಿತ್ರಗಳು ಆರು. ನಿಲ್ದಾಣಕ್ಕೆ ಬರುವ ರೈಲು, ಕಾರ್ಖಾನೆಯಿಂದ ಹೊರಬೀಳುವ ಕೆಲಸಗಾರರು, ಸಮುದ್ರಸ್ನಾನ, ಗೋಡೆಯೊಂದನ್ನು ಕೆಡಹುವ ದೃಶ್ಯ, ಇಂತಹವು. ಭಾರತದಲ್ಲಿ ಚಲಚ್ಚಿತ್ರವು ಜನ್ಮ ತಾಳಿದುದು ಅಂದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬರಲು ಇನ್ನೂ ೩೮ ವರುಷಗಳು ಬೇಕಾಗಿದ್ದವು.

ವಾಟ್ಸನ್ ಹೋಟೆಲಿನ ಆ ಆಟವನ್ನು ನೋಡಿದವರು ಸಾಹೇಬರು, ಮೇಡಮ್ಮುಗಳು. ಆದರೆ ಚಿತ್ರಗಳು ಅಲ್ಲಿಯೇ ಉಳಿಯಲಿಲ್ಲ. ಒಂದು ವಾರ ಕಳೆದು, ಜುಲೈ ೧೪ರಂದು, ಯಂತ್ರವು ನಾವೆಲ್ಟಿ ನಾಟಕಶಾಲೆಗೆ ಹೋಯಿತು. ತಿಂಗಳು ಮುಗಿಯುವುದರೊಳಗೆ ಅಲ್ಲಿ ನಾಲ್ಕು ಆಣೆಯಿಂದ ಎರಡು ರೂಪಾಯಿಯವರೆಗೆ ಬೇರೆಬೇರೆ ದರಗಳು ಬಂದವು. ಘೋಷಾ ಸ್ತ್ರೀಯರಿಗೆ ಪ್ರತ್ಯೇಕ ಪೆಟ್ಟಿಗೆಯಾಸನಗಳಾದವು. ನಾಲ್ಕಾಣೆಯ ಗಿರಾಕಿಯನ್ನು ಕಂಡ ದಿನವೇ ಸಿನಿಮಾ ಭಾರತದ್ದಾಯಿತು.

ವಾಟ್ಸನ್ ಹೋಟೆಲು ಮಾತ್ರ ನಾಲ್ಕಾಣೆಯವನನ್ನು ಒಳಗೆ ಬಿಡಲಿಲ್ಲ. ೧೯೦೩ರ ಡಿಸೆಂಬರ್ ೧೬ರಂದು ತಾಜಮಹಲ್ ಹೋಟೆಲು ತೆರೆಯಿತು. ವಿದ್ಯುದ್ದೀಪ, ಸಮುದ್ರದ ಗಾಳಿ, ಹಣವಿದ್ದ ಭಾರತೀಯನಿಗೂ ತೆರೆದ ಬಾಗಿಲು. ಇವುಗಳೆದುರು ವಾಟ್ಸನ್ ಹೋಟೆಲು ನಿಲ್ಲುವುದಾದರೂ ಹೇಗೆ? ಸ್ಥಾಪಕನಂತೂ ಎಂದೋ ಕಾಲವಾಗಿದ್ದನು. ವೈಭವವು ವರುಷದಿಂದ ವರುಷಕ್ಕೆ ಸೋರಿಹೋಯಿತು.

ಟಾಟಾರವರು ತಮ್ಮ ಹೋಟೆಲಿನ ಸಿರಿಯನ್ನು ಬಹುಕಾಲ ಕಾಣಲಿಲ್ಲ. ೧೯೦೪ರ ಮೇ ತಿಂಗಳಿನಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಅವರು ಕಂಡಿದ್ದ ಇನ್ನೊಂದು ಕನಸಿಗೆ ಮೈಸೂರು ಸಂಸ್ಥಾನವು ೩೭೧ ಎಕರೆ ನೆಲವನ್ನಿತ್ತು, ೧೯೦೯ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಮುಚ್ಚಿದ ಬಾಗಿಲಿನ ಕಥೆಯ ನಾಯಕರು ಕಟ್ಟಲೆಳಸಿದ್ದು ತೆರೆದ ಬಾಗಿಲಿನ ವಿದ್ಯಾಲಯವನ್ನು. ನೂರು ವರುಷಗಳ ತರುವಾಯ ಚಳ್ಳಕೆರೆಯ ಕಾವಲಿನಲ್ಲಿ ವಿಜ್ಞಾನದ ಹಾಗೂ ರಕ್ಷಣೆಯ ಸಂಸ್ಥೆಗಳು ಬಂದು ಗೋಡೆಗಳೆದ್ದಾಗ, ತಲೆತಲಾಂತರದಿಂದ ಅಲ್ಲಿ ಕುರಿ ದನ ಮೇಯಿಸುತ್ತಿದ್ದವರು ‘ನಮ್ಮ ಬಾಗಿಲೆಲ್ಲಿ?’ ಎಂದು ಕೇಳಿದರು. ವಿವಾದವು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅದು ಬೇರೊಂದು ಲೇಖನದ ವಿಷಯವಾದುದರಿಂದ ಇಲ್ಲಿಗೇ ನಿಲ್ಲಿಸುವೆನು. ಬಾಗಿಲುಗಳ ಮಾತು ಬಂದಾಗ ಅದನ್ನು ಹೇಳದೆ ಮುಂದೆ ಹೋಗುವುದು ಮಾತ್ರ ಸಲ್ಲದು.

ಕರಿ ಕೋಟಿನವರ ಕಾಲ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹೋಟೆಲಿನ ಬಾಳು ಮುಗಿದಿತ್ತು. ಕಟ್ಟಡಕ್ಕೆ ಮೊದಲು ‘ಮಹೇಂದ್ರ ಮ್ಯಾನ್ಶನ್’ ಎಂದೂ ಬಳಿಕ ‘ಎಸ್ಪ್ಲನೇಡ್ ಮ್ಯಾನ್ಶನ್’ ಎಂದೂ ಹೆಸರಾಯಿತು. ಭಾರವನ್ನು ಕಂಬಗಳು ಹೊರುವ ಮರ್ಮವನ್ನು ಮೇಲೆ ಹೇಳಿದೆನಲ್ಲವೆ? ಅದರ ಪ್ರಯೋಜನ ಈಗ ಬಂದಿತು. ಗೋಡೆಯನ್ನು ಎಲ್ಲಿ ಬೇಕಾದರೂ ತೆಗೆಯಬಹುದು, ಎಲ್ಲಿ ಬೇಕಾದರೂ ಹಾಕಬಹುದು. ಅತಿಥಿಗಳ ವಿಶಾಲವಾದ ಕೊಠಡಿಗಳು ಹಲಗೆಯ ಮರೆಗಳಿಂದ ಎರಡಾಗಿ, ನಾಲ್ಕಾಗಿ ಸೀಳಿದವು. ಮೊಗಸಾಲೆಗಳೂ ಕೊಠಡಿಗಳಾದವು. ಕೆಲವು ಮನೆಗಳಾದವು, ಬಹುಪಾಲು ಕಚೇರಿಗಳಾದವು.

ಕಚೇರಿಗಳು ಯಾರವು? ಸುತ್ತಲಿನ ನೆರೆಹೊರೆಯನ್ನು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ೧೮೭೮ರಲ್ಲಿ ಮುಗಿದ ಉಚ್ಚ ನ್ಯಾಯಾಲಯದ ಕಟ್ಟಡವು ಸ್ವಲ್ಪ ದೂರದ ನಡಿಗೆ. ಹಳೆಯ ಸಚಿವಾಲಯದ ಕಟ್ಟಡದಲ್ಲಿ ನೆಲೆಸಿದ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯವು ಕೂಗಳತೆ. ಹೀಗಾಗಿ ಬಂದವರು ವಕೀಲರು. ಅವರ ಹಿಂದೆ ಪ್ರಮಾಣಪತ್ರಗಳಿಗೆ ಮೊಹರು ಒತ್ತುವ ನೋಟರಿಗಳು, ಬೆರಳಚ್ಚುಗಾರರು, ಕಾಗದಪತ್ರಗಳ ನಕಲು ತೆಗೆಯುವವರು, ಚಿಕ್ಕಪುಟ್ಟ ವ್ಯಾಪಾರಸ್ಥರು, ಇವರೆಲ್ಲರಿಗೂ ಚಹಾ ತಂದುಕೊಡುವ ಹುಡುಗರು. ಒಂದು ಕಾಲದಲ್ಲಿ ಇಂಗ್ಲೆಂಡಿನ ತರುಣಿಯರು ತಟ್ಟೆ ಹಿಡಿದು ಓಡಾಡಿದ ನೆಲದ ಮೇಲೆ ಕರಿಯ ಕೋಟಿನವರು ಕಡತ ಹಿಡಿದು ಓಡಾಡಿದರು. ಅತಿಥಿಗಳು ಕುಣಿದ ಅಂಗಳದಲ್ಲಿ ಪಾರಿವಾಳಗಳು ಗೂಡು ಕಟ್ಟಿದವು. ಮೇಲಂತಸ್ತುಗಳ ಕಸ ಅಲ್ಲಿಗೆ ಬಂದು ಬಿದ್ದಿತು. ಕಾಗೆಗಳಂತೂ ಮೊದಲಿನಿಂದಲೂ ಇದ್ದವೇ. ಅವುಗಳಿಗೆ ಚರ್ಚಿಸಲು ವಕೀಲರಿಗಿಂತ ಒಳ್ಳೆಯ ವಸ್ತು ಸಿಕ್ಕೀತೆ!

ಮುಂಬಯಿಯ ಕೋಟೆ ಪ್ರದೇಶವು ಕನ್ನಡಿಗರಿಗೆ ಹೊಸದಲ್ಲ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಹೋದ ತರುಣರು ಅಲ್ಲಿಯ ಕ್ಯಾಂಟೀನುಗಳಲ್ಲಿ ಲೋಟ ತೊಳೆದು, ಕಚೇರಿಗಳಿಗೆ ಚಹಾ ಹೊತ್ತು, ಸಂಜೆ ರಾತ್ರಿಶಾಲೆಗಳಲ್ಲಿ ಓದಿ, ಗುಮಾಸ್ತರಾದರು, ಬ್ಯಾಂಕಿನವರಾದರು, ಕೆಲವರು ವಕೀಲರೂ ಆದರು. ಅಂತಹವನಿಗೆ ವಾಟ್ಸನ್ ಸಾಹೇಬನ ಕಾಲದ ಮೆಟ್ಟಿಲನ್ನು ಹತ್ತುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಮೊಕದ್ದಮೆ ಹೂಡಬೇಕಾದ ಬಡ ಬಾಡಿಗೆದಾರ, ಜೀವನಾಂಶ ಕೇಳಬೇಕಾದ ಹೆಂಗಸು, ಜಾಮೀನಿಗಾಗಿ ಅಲೆಯುವ ತಂದೆ, ಎಲ್ಲರೂ ಆ ಮೆಟ್ಟಿಲನ್ನು ಹತ್ತಿದರು. ಕಟ್ಟಡದ ಅವನತಿಯೆಂದು ಕಲಾರಸಿಕರು ಮರುಗುವ ಕಾಲವೇ ಅದರ ಬಾಗಿಲು ನಿಜವಾಗಿ ತೆರೆದ ಕಾಲವೂ ಹೌದು. ಸಿನಿಮಾ ನಾಲ್ಕಾಣೆಯವನನ್ನು ಸೇರಲು ಒಂದು ತಿಂಗಳೂ ಹಿಡಿಯಲಿಲ್ಲ. ಈ ಕಟ್ಟಡಕ್ಕೆ ಮುಕ್ಕಾಲು ಶತಮಾನ ಹಿಡಿಯಿತು.

ಇಷ್ಟಾದರೂ ಕಟ್ಟಡ ಏಕೆ ಹಾಳಾಯಿತು? ಬಾಡಿಗೆದಾರರು ಒಡೆಯನನ್ನು ದೂರಿದರು. ಒಡೆಯನು ಬಾಡಿಗೆದಾರರನ್ನು ದೂರಿದನು. ಇಬ್ಬರ ನಡುವೆ ಒಂದು ಶಾಸನವಿತ್ತು. ೧೯೪೭ರ ‘ಮುಂಬಯಿ ಬಾಡಿಗೆ, ಹೋಟೆಲು ಮತ್ತು ವಸತಿಗೃಹ ದರಗಳ ನಿಯಂತ್ರಣ ಶಾಸನ’ವೆಂಬುದು ಅದರ ಹೆಸರು. ಯುದ್ಧ ಮುಗಿದಿತ್ತು; ದೇಶವಿಭಜನೆಯ ನಿರಾಶ್ರಿತರು ಬರುತ್ತಿದ್ದರು; ಮನೆಯಿಲ್ಲದ ಜನರನ್ನು ಸುಲಿಯುವವರಿಗೆ ಕಡಿವಾಣ ಬೇಕಾಗಿತ್ತು. ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಬಾಡಿಗೆಯೇ ಪ್ರಮಾಣವೆಂದು ಶಾಸನವು ಗೊತ್ತುಪಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಗಡಿಯಾರವನ್ನು ನಿಲ್ಲಿಸಿದವರು ಅದಕ್ಕೆ ಮತ್ತೆ ಕೀಲಿ ಕೊಡಲು ಮರೆತರು. ಅಕ್ಕಿಯ ಬೆಲೆ ಏರಿತು, ಕಬ್ಬಿಣದ ಬೆಲೆ ಏರಿತು, ಗಾರೆಯವನ ದಿನಗೂಲಿ ಏರಿತು. ಬಾಡಿಗೆ ಇದ್ದಲ್ಲಿಯೇ ಇದ್ದಿತು. ನಗರದ ಹೃದಯದಲ್ಲಿ ಇಷ್ಟು ಅಗ್ಗದ ಕೊಠಡಿಯನ್ನು ಬಿಟ್ಟು ಹೋಗುವ ಹುಚ್ಚನಾರು? ಇಷ್ಟು ಕಡಿಮೆ ಉತ್ಪತ್ತಿಗೆ ಸೂರು ದುರಸ್ತಿ ಮಾಡಿಸುವ ದಾನಶೂರನಾರು? ಬಾಡಿಗೆದಾರನಿಗೆ ಹಕ್ಕಿತ್ತು, ಕಟ್ಟಡದ ಮೇಲೆ ಹೊಣೆಯಿರಲಿಲ್ಲ. ಒಡೆಯನಿಗೆ ಹೆಸರಿತ್ತು, ಆದಾಯವಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತದ್ದು ಕಬ್ಬಿಣದ ಪಂಜರ.

ಈ ಶಾಸನದ ಮೇಲಣ ಒಂದು ಮೊಕದ್ದಮೆ, ನಮ್ಮ ಕರಾವಳಿಯ ಮಲ್ಪೆಯ ಹೆಸರನ್ನೇ ತಮ್ಮ ಹೆಸರಿನ ಮೊದಲಿಗೆ ಇಟ್ಟುಕೊಂಡ ಅರ್ಜಿದಾರರೊಬ್ಬರದು, ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬಾಡಿಗೆಯನ್ನು ಅರ್ಧಶತಮಾನಕ್ಕೂ ಹೆಚ್ಚು ಕಾಲ ಹೀಗೆ ಹೆಪ್ಪುಗಟ್ಟಿಸಿಟ್ಟಿರುವುದು ಈಗ ನ್ಯಾಯಸಮ್ಮತವಲ್ಲವೆಂದು ನ್ಯಾಯಾಲಯವು ೧೯೯೭ರ ಡಿಸೆಂಬರಿನಲ್ಲಿ ಅಭಿಪ್ರಾಯಪಟ್ಟಿತು. ೨೦೦೦ದ ಮಾರ್ಚ್ ೩೧ರಿಂದ ಮಹಾರಾಷ್ಟ್ರಕ್ಕೆ ಹೊಸ ಬಾಡಿಗೆ ಶಾಸನವೂ ಬಂದಿತು. ಹಳೆಯ ಬಾಡಿಗೆದಾರರ ರಕ್ಷಣೆಯು ಅದರಲ್ಲಿಯೂ ಮುಂದುವರಿಯಿತು; ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ಏರಿಕೆಗೆ ಮಾತ್ರ ಅವಕಾಶ. ಅರವತ್ತು ವರುಷಗಳ ಉಪವಾಸಕ್ಕೆ ನಾಲ್ಕು ತುತ್ತು.

ಮಿಕ್ಕ ಕೆಲಸವನ್ನು ಸಮುದ್ರ ಮಾಡಿತು. ಎರಕದ ಕಬ್ಬಿಣವು ಮೇಲಿನಿಂದ ಬರುವ ಭಾರಕ್ಕೆ ಬಗ್ಗುವುದಲ್ಲ. ಅದರ ಶತ್ರು ಉಪ್ಪುಗಾಳಿ ಮತ್ತು ನಿಂತ ನೀರು. ಜೋಡಣೆಯ ಸಂದುಗಳಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಗ್ಗಿ ಸಂದನ್ನು ಸೀಳುತ್ತದೆ. ಮರದ ತೊಲೆಗಳಿಗೆ ನೀರಿಳಿದರೆ ಕೊಳೆಯುತ್ತವೆ. ಹೋಟೆಲಿನ ಕಾಲದಲ್ಲಿ ಬಣ್ಣ ಬಳಿಯುವುದಕ್ಕೂ ಸಂದು ಮುಚ್ಚುವುದಕ್ಕೂ ಆಳುಗಳಿದ್ದರು. ಕಚೇರಿಗಳ ಕಾಲದಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಕೊಠಡಿಗೆ ಬಣ್ಣ ಬಳಿದುಕೊಂಡರೇ ಹೊರತು, ಎಲ್ಲರಿಗೂ ಸೇರಿದ ಕಂಬಕ್ಕೆ ಬಳಿಯುವವರಿರಲಿಲ್ಲ.

ಬೀಳಿಸುವುದೋ ನಿಲ್ಲಿಸುವುದೋ

೨೦೦೫ನೆಯ ಇಸವಿಯಲ್ಲಿ ಕಟ್ಟಡದ ಒಂದು ಪಾರ್ಶ್ವದ ಮೊಗಸಾಲೆಗಳು ರಸ್ತೆಗೆ ಕುಸಿದು ಬಿದ್ದವು. ಒಬ್ಬನು ಪ್ರಾಣ ತೆತ್ತನು, ಹಲವರು ಗಾಯಗೊಂಡರು. ಅದೇ ವರುಷ ನ್ಯೂಯಾರ್ಕಿನ ವಿಶ್ವ ಸ್ಮಾರಕ ನಿಧಿಯು ಪ್ರಪಂಚದಲ್ಲಿ ಅಳಿವಿನ ಅಂಚಿನಲ್ಲಿರುವ ನೂರು ಸ್ಮಾರಕಗಳ ಪಟ್ಟಿಗೆ ಈ ಕಟ್ಟಡವನ್ನು ಸೇರಿಸಿತು. ಇಟಲಿಯ ಹೆಸರಾಂತ ವಾಸ್ತುಶಿಲ್ಪಿ ರೆಂಜೋ ಪಿಯಾನೋ ಇದರ ಪರವಾಗಿ ದನಿಯೆತ್ತಿದವರಲ್ಲೊಬ್ಬರು. ಭಾರತದಲ್ಲಿ ಉಳಿದಿರುವ ಎರಕದ ಕಬ್ಬಿಣದ ಕಟ್ಟಡಗಳಲ್ಲಿ ಅತ್ಯಂತ ಹಳೆಯದೆಂಬ ಕೀರ್ತಿ, ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಉನ್ನತ ದರ್ಜೆ, ಎಲ್ಲವೂ ಇದ್ದವು. ಕೀರ್ತಿಯಿಂದ ತುಕ್ಕು ಬಿಡುವುದಿಲ್ಲವಷ್ಟೆ.

೨೦೧೯ರ ಮೇ ತಿಂಗಳಿನಲ್ಲಿ ಕಟ್ಟಡವನ್ನು ತೆರವು ಮಾಡಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಜೀವಹಾನಿಯಾದೀತೆಂಬ ಭಯ ಸಹಜವಾದುದೇ. ದಶಕಗಳಿಂದ ಅಲ್ಲಿಯೇ ಕಚೇರಿ ನಡೆಸಿದ್ದ ವಕೀಲರು, ಕಕ್ಷಿಗಾರರ ಪರವಾಗಿ ವಾದಿಸಿದ್ದ ನ್ಯಾಯಾಲಯದೆದುರು ತಾವೇ ಕಕ್ಷಿಗಾರರಾಗಿ ನಿಲ್ಲಬೇಕಾಯಿತು. ಕಡತಗಳ ಗಂಟುಗಳು ಮೆಟ್ಟಿಲಿಳಿದವು. ಅದೇ ವರುಷ ಮುಂಬಯಿಯ ಐ.ಐ.ಟಿ.ಯ ತಜ್ಞರು ಪರೀಕ್ಷಿಸಿ, ಕಟ್ಟಡವು ದುರಸ್ತಿಯ ಮೇರೆಯನ್ನು ಮೀರಿದೆಯೆಂದೂ ಕೆಡವುವುದೇ ಲೇಸೆಂದೂ ವರದಿಯಿತ್ತರು. ಸಂರಕ್ಷಣೆಯಲ್ಲಿ ಕೈ ಪಳಗಿದ ವಾಸ್ತುಶಿಲ್ಪಿಗಳು ಇದನ್ನು ಒಪ್ಪಲಿಲ್ಲ. ಬಿಡಿಬಿಡಿಯಾಗಿ ಬಂದು ಜೋಡಣೆಯಾದ ಕಟ್ಟಡವನ್ನು ಹಾಗೆಯೇ ಭಾಗಭಾಗವಾಗಿ ಸರಿಪಡಿಸಬಹುದು. ಕೆಟ್ಟ ಕಂಬವನ್ನು ತೆಗೆದು ಹೊಸತನ್ನು ಕೂಡಿಸಬಹುದು. ಆರ್ಡಿಷನ ಬುದ್ಧಿವಂತಿಕೆಯೇ ಅದನ್ನು ಉಳಿಸುವ ಉಪಾಯವೆಂಬುದು ಅವರ ನಿಲುವು. ಮೊದಲ ಚಲಚ್ಚಿತ್ರಗಳು ತೋರಿದ ಕಟ್ಟಡವೇ ಆ ವರುಷ ಸಾಕ್ಷ್ಯಚಿತ್ರವೊಂದರ ವಸ್ತುವೂ ಆಯಿತು.

ನಾನು ಸಂರಕ್ಷಕರ ಪಕ್ಷ. ಅದಕ್ಕೆ ನನಗಿರುವ ಕಾರಣ ಮಾತ್ರ ಅವರದಕ್ಕಿಂತ ಸ್ವಲ್ಪ ಬೇರೆ. ನಮ್ಮ ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡಿ. ವಾಟ್ಸನ್ ಹೋಟೆಲು ಏಳುತ್ತಿದ್ದ ಕಾಲದಲ್ಲಿಯೇ, ೧೮೬೮ರಲ್ಲಿ, ಮುಗಿದ ಕಟ್ಟಡವದು. ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ್ದು, ಬಳಿಕ ಉಚ್ಚ ನ್ಯಾಯಾಲಯವಾಯಿತು. ೧೯೮೦ರ ದಶಕದಲ್ಲಿ ಅದನ್ನೂ ಕೆಡಹುವ ಪ್ರಸ್ತಾಪ ಬಂದಿತ್ತು; ನಾಗರಿಕರು ನ್ಯಾಯಾಲಯಕ್ಕೆ ಹೋದರು, ಕಟ್ಟಡ ಉಳಿಯಿತು. ಮೈಸೂರಿನ ಚೆಲುವಾಂಬಾ ವಿಲಾಸವು ರಾಜಕುಮಾರಿಯ ಅರಮನೆಯಾಗಿದ್ದುದು ೧೯೫೦ರಲ್ಲಿ ಆಹಾರ ಸಂಶೋಧನಾಲಯವಾಯಿತು. ವೈಸರಾಯರಿಗಾಗಿ ೧೯೨೧ರಲ್ಲಿ ಕಟ್ಟತೊಡಗಿದ ಲಲಿತಮಹಲು ೧೯೭೪ರಲ್ಲಿ ಹೋಟೆಲಾಯಿತು. ಮನೆ ಕಚೇರಿಯಾಗುವುದು, ಅರಮನೆ ಹೋಟೆಲಾಗುವುದು ಕಟ್ಟಡಕ್ಕೆ ಒದಗಿದ ಮರಣವೇನಲ್ಲ. ಇವೆಲ್ಲಕ್ಕೂ ಹೊಸ ಉಪಯೋಗದೊಡನೆ ಒಬ್ಬ ಹೊಣೆಗಾರನೂ ದೊರೆತನು. ಎಸ್ಪ್ಲನೇಡ್ ಮ್ಯಾನ್ಶನ್ನಿಗೆ ಉಪಯೋಗ ಸಿಕ್ಕಿತು, ಹೊಣೆಗಾರ ಸಿಗಲಿಲ್ಲ.

ಉಳಿಸುವ ಮಾತನ್ನಾಡುವ ಹಲವರು ಅದನ್ನು ೧೮೭೧ರ ಸ್ಥಿತಿಗೆ ಮರಳಿಸಬೇಕೆನ್ನುತ್ತಾರೆ. ಗಾಜಿನ ಛಾವಣಿ, ನೃತ್ಯದ ಅಂಗಳ, ತೆರೆದ ಮೊಗಸಾಲೆ. ಪ್ರಾಯಶಃ ಮತ್ತೆ ಒಂದು ಬೆಲೆಬಾಳುವ ಹೋಟೆಲು. ಹಾಗಾದರೆ ನಾಲ್ಕು ಅಡಿ ಅಗಲದ ಕೋಣೆಯಲ್ಲಿ ಕುಳಿತು ಬಡವರ ಅರ್ಜಿ ಬರೆದವರ ಕಾಲವನ್ನು ಗೋಡೆಯಿಂದ ಕೆರೆದು ತೆಗೆದಂತಾಗುತ್ತದೆ. ಟ್ವೇನ್ ತಂಗಿದ್ದುದು ಕೆಲವು ದಿನ. ವಕೀಲರು ತಂಗಿದ್ದುದು ಎರಡು ತಲೆಮಾರು. ಹಳೆಯ ಕಟ್ಟಡಗಳನ್ನು ಸರಿಪಡಿಸಿದರೂ ಮರಳಿ ಕಟ್ಟಿದರೂ ಅಲ್ಲಿದ್ದ ಬಾಡಿಗೆದಾರರಿಗೆ ಅಲ್ಲಿಯೇ ಜಾಗ ಕೊಡಬೇಕೆಂಬ ವಿಧಿಯು ಮುಂಬಯಿಯ ವಸತಿ ಶಾಸನಗಳಲ್ಲಿ ಉಂಟು. ೨೦೧೯ರಲ್ಲಿ ಕಡತಗಳ ಗಂಟನ್ನು ಹೊತ್ತು ಮೆಟ್ಟಿಲಿಳಿದವರು ನೆಚ್ಚಿಕೊಂಡಿದ್ದುದು ಆ ವಿಧಿಯನ್ನೇ.